ಇಟಲಿಗೆ ಮುಂಚೆ ಒಂದು ಸ್ಟಾಂಪು

ಶನಿವಾರ ಬೆಳಿಗ್ಗೆ ಕ್ಯಾಲಿಫೋರ್ನಿಯಾದ ಪ್ಲೆಸೆಂಟನ್‌ನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಇಟಲಿ ಪ್ರವಾಸದ ಪ್ಲಾನು ಮುಗಿದಿತ್ತು: ಏಪ್ರಿಲ್‌ನಲ್ಲಿ ರೋಮ್, ಫ್ಲಾರೆನ್ಸ್, ವೆನಿಸ್. ನನ್ನ ಗಂಡ ಐಸ್‌ಕ್ರೀಮು ತಿನ್ನುವುದಕ್ಕೂ ಸ್ಪ್ರೆಡ್‌ಶೀಟಿನಲ್ಲಿ ಹದಿನೈದು ನಿಮಿಷ ಇಟ್ಟಿದ್ದ. ಇಟಲಿ ವೀಸಾಕ್ಕೆಂದು ಪಾಸ್‌ಪೋರ್ಟು ಸ್ಕ್ಯಾನ್ ಮಾಡುತ್ತಿದ್ದಾಗ ಒಂದು ಪುಟದ ತಾರೀಖು ಕಣ್ಣಿಗೆ ಬಿತ್ತು. ನಮ್ಮಿಬ್ಬರ ಅಮೆರಿಕ ವೀಸಾ ಸ್ಟಾಂಪು ಮುಗಿದು ಎರಡು ವರ್ಷವಾಗಿತ್ತು. ಇಲ್ಲೇ ಇದ್ದು ಕೆಲಸ ಮಾಡಲು ಆಫೀಸಿನವರು ತರಿಸಿಕೊಟ್ಟ ಅನುಮತಿ ಕಾಗದ ಸಾಕು. ದೇಶದ ಹೊರಗೆ ಕಾಲಿಟ್ಟರೆ ಹೊಸ ಸ್ಟಾಂಪಿಲ್ಲದೆ ವಾಪಸ್ ಬಿಡುವುದಿಲ್ಲ, ಅದು ಯಾವಾಗ ಸಿಗುತ್ತದೋ ಯಾರಿಗೂ ಗೊತ್ತಿಲ್ಲ.

"ಐಸ್‌ಕ್ರೀಮಿಗೆ ಟೈಮಿಟ್ಟಿದೀಯ, ಇದನ್ನ ನೋಡಲಿಲ್ವಾ?" ಎಂದು ರೇಗಿದೆ. ಅವನು ಸ್ಪ್ರೆಡ್‌ಶೀಟು ಮುಚ್ಚಿದ.

ಇಲ್ಲೇ ಹುಟ್ಟಿದ ಏಳು ವರ್ಷದ ಮಗಳು ತನ್ನ ಅಮೆರಿಕನ್ ಪಾಸ್‌ಪೋರ್ಟು ಎತ್ತಿಕೊಂಡು, ತಾನು ವಾಪಸ್ ಬರಬಹುದಲ್ಲವಾ ಎಂದು ಕೇಳಿದಳು.

"ನೀನು ಬರಬಹುದು" ಎಂದೆ.

"ದೆನ್ ಹೂ ವಿಲ್ ಪಿಕ್ ಮಿ ಅಪ್ ಫ್ರಮ್ ದಿ ಏರ್‌ಪೋರ್ಟ್?"