ಸಮಾಧಾನವಾಗಿ ಹೇಳಿದವರು

ನನ್ನ ಅಕ್ಕನಿಗೆ ಶಾಲೆಯ ಮಕ್ಕಳು ‘ಲೀ ಮಿಸ್’ ಎಂದು ಹೆಸರಿಟ್ಟಿದ್ದರು. ಅವಳು ಇಂಗ್ಲಿಷ್ ಕಲಿಸುತ್ತಿದ್ದಳು. ಕಥೆ ಬರೆಯಿರಿ ಎಂದರೆ ಮಕ್ಕಳು ರಾಜ ಹೇಳಿದ, ರಾಣಿ ಹೇಳಿದಳು ಎಂದು ಒಣಒಣವಾಗಿ ಬರೆಯುತ್ತಿದ್ದರು. ಅದು ಅವಳಿಗೆ ಆಗಿಬರುತ್ತಿರಲಿಲ್ಲ. ಹೇಗೆ ಹೇಳಿದ, ಸಿಟ್ಟಿನಿಂದಲೋ, ದುಃಖದಿಂದಲೋ, ಮೆಲ್ಲಗೋ? ಆ್ಯಂಗ್ರಿಲಿ, ಸ್ಯಾಡ್ಲಿ, ಸಾಫ್ಟ್‌ಲಿ ಎಂದು ‘ಸೆಡ್’ ಪಕ್ಕದಲ್ಲೊಂದು ‘ಲೀ’ ಪದ ಸೇರಿಸುವವರೆಗೂ ಬಿಡುತ್ತಿರಲಿಲ್ಲ. ಮನೆಯಲ್ಲೂ ಅದೇ ಚಾಳಿ. ಅಮ್ಮ ಊಟಕ್ಕೆ ಕರೀತಿದ್ದಾಳೆ ಎಂದು ನಾನು ಹೇಳಿದರೆ, ಹೇಗೆ ಕರೀತಿದ್ದಾಳೆ ಎನ್ನುವಳು. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಮಾತು ಬಲ್ಲ ನಮ್ಮ ಅಕ್ಕನಿಗೂ ನನಗೂ ದಿನಕ್ಕೊಂದು ಜಗಳ ಇದ್ದೇ ಇತ್ತು.

ಮಕ್ಕಳು ಕಡಿಮೆಯಾಗಿ ಆ ಶಾಲೆ ಮುಚ್ಚಿದಾಗ ಅಕ್ಕನಿಗೆ ನಲವತ್ತಮೂರು ವಯಸ್ಸು. ಇಂಗ್ಲಿಷ್ ಬರುತ್ತದೆ ಎಂಬ ಒಂದೇ ಕಾರಣಕ್ಕೆ ಆಂಬುಲೆನ್ಸ್ ಕಚೇರಿಯ ಫೋನ್ ಕೋಣೆಯಲ್ಲಿ ಕೆಲಸ ಸಿಕ್ಕಿತು. ಆರು ಮೇಜು, ಆರು ಕಂಪ್ಯೂಟರ್, ಸ್ಪಂಜು ಕಿತ್ತುಹೋದ ಹೆಡ್‌ಫೋನುಗಳು. ಜನ ತಮ್ಮ ಮಾತಿನಲ್ಲಿ ಹೇಳಿಕೊಂಡಿದ್ದನ್ನು ಎರಡು ಸಾಲು ಇಂಗ್ಲಿಷಿನಲ್ಲಿ ಟೈಪು ಮಾಡಬೇಕು. ಅದು ಗಾಜಿನ ಗೋಡೆಯಾಚೆ ಕೂತವನಿಗೆ ಹೋಗುತ್ತದೆ. ಯಾವ ಗಾಡಿ ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸುವವನು ಅವನು. ದಪ್ಪ ಮೀಸೆ ಇದ್ದುದರಿಂದ ಎಲ್ಲರೂ ಅವನನ್ನು ಮೀಸೆ ಎಂದೇ ಕರೆಯುತ್ತಿದ್ದರು.

ಉಳಿದವರು ‘ಎದೆನೋವು ಎಂದು ಹೇಳಿದರು’ ಎಂದಷ್ಟೇ ಬರೆದು ಕೈತೊಳೆದುಕೊಳ್ಳುತ್ತಿದ್ದರು. ಅಕ್ಕ ಬಿಟ್ಟಾಳೆಯೇ? ಅಳುತ್ತಾ ಹೇಳಿದರು, ತಡವರಿಸುತ್ತಾ ಹೇಳಿದರು, ಗಾಬರಿಯಿಂದ ಹೇಳಿದರು. ಹುಟ್ಟುಗುಣ ಸುಟ್ಟರೂ ಹೋಗದು. ಮೀಸೆಗೆ ಅದು ಬಹಳ ಹಿಡಿಸಿತು. ನಿಮ್ಮದು ಓದಿದರೆ ಆ ಮನುಷ್ಯ ಎದುರಿಗೇ ನಿಂತು ಮಾತಾಡಿದ ಹಾಗಿರುತ್ತೆ ಎಂದು ಎಲ್ಲರ ಮುಂದೆ ಹೊಗಳಿದ. ನೋಡಿ ಕಲಿಯಿರಿ ಎಂದು ಮಿಕ್ಕವರಿಗೂ ಹೇಳಿದ. ಅವರೂ ಕಲಿತರು. ಬರಬರುತ್ತಾ, ಗಾಡಿಗಳು ಕಡಿಮೆಯಿದ್ದಾಗ ಮೀಸೆಯ ಕಣ್ಣು ಮೊದಲು ಆ ಪದಕ್ಕೇ ಹೋಗತೊಡಗಿತು. ಹಾಗೆಂದು ಯಾರೂ ನಿಯಮ ಮಾಡಿರಲಿಲ್ಲ, ರೂಢಿಯಾಯಿತು ಅಷ್ಟೆ. ಆ ದಿನಗಳಲ್ಲಿ ಅಕ್ಕ ಸಂಜೆ ಮನೆಗೆ ಬರುವ ನಡಿಗೆಯೇ ಬೇರೆಯಾಗಿತ್ತು. ಕೋಡು ಮೂಡಿದೆಯಾ ನೋಡೋಣ ಬಗ್ಗು ಎಂದು ನಾನು ಅವಳ ತಲೆ ಸವರುತ್ತಿದ್ದೆ.

ಒಂದು ಮಧ್ಯಾಹ್ನ ಅಕ್ಕನಿಗೆ ಒಬ್ಬ ಹೆಂಗಸಿನ ಫೋನು ಬಂತು. ಅರವತ್ತು ದಾಟಿದ ದನಿ. ಗಂಡನಿಗೆ ಎದೆನೋವು, ಬೆವರುತ್ತಿದ್ದಾರೆ, ಎಡಗೈ ಸೆಳೆಯುತ್ತಿದೆ ಎಂದರು. ಮನೆಯ ನಂಬರು, ಎರಡನೇ ಮಹಡಿ, ಎದುರಿಗೆ ಔಷಧಿ ಅಂಗಡಿ, ಎಲ್ಲವನ್ನೂ ಎರಡನೇ ಸಲ ಕೇಳಬೇಕಾಗದ ಹಾಗೆ ಒಪ್ಪವಾಗಿ ಹೇಳಿದರು. ಅಕ್ಕ ಎಲ್ಲ ಬರೆದು ‘ಸೆಡ್ ಕಾಮ್ಲಿ’ ಎಂದು ಸೇರಿಸಿದಳು. ಸಮಾಧಾನವಾಗಿ ಹೇಳಿದರು ಎಂದು. ಆ ಫೋನು ಬಂದ ಅರ್ಧ ನಿಮಿಷಕ್ಕೇ ಪಕ್ಕದ ಮೇಜಿಗೆ ಇನ್ನೊಂದು ಫೋನು. ನಮ್ಮಣ್ಣನಿಗೆ ಎದೆನೋವು ಎಂದು ಒಬ್ಬ ಗೋಳಾಡುತ್ತಿದ್ದ. ಪಕ್ಕದ ಮೇಜಿನವಳು ಅಕ್ಕನಿಂದ ಕಲಿತ ಪಾಠದ ಪ್ರಕಾರ ‘ತೀರಾ ಗಾಬರಿಯಿಂದ’ ಎಂದು ಬರೆದಳು. ಉಳಿದಿದ್ದು ಒಂದೇ ಗಾಡಿ. ಮೀಸೆ ಅದನ್ನು ಗಾಬರಿಯ ಕಡೆಗೆ ಕಳಿಸಿದ.

ಆ ಅಣ್ಣನಿಗೆ ಆಗಿದ್ದು ಹೊಟ್ಟೆಯ ಗ್ಯಾಸು. ಇನ್ನೊಂದು ಗಾಡಿ ಬಿಡುವಾಗಿ ಎರಡನೇ ಮಹಡಿಗೆ ಜನ ಹತ್ತುವಷ್ಟರಲ್ಲಿ ನಲವತ್ತು ನಿಮಿಷವಾಗಿತ್ತು. ಆ ಯಜಮಾನರ ಜೀವ ಹೋಗಿತ್ತು.

ಮೇಲಿನವರು ಕಾಗದ ನೋಡಿ, ಫೋನು ಎರಡು, ಗಾಡಿ ಒಂದು, ಯಾರದೂ ತಪ್ಪಿಲ್ಲ ಎಂದು ಬರೆದು ಕೈಬಿಟ್ಟರು. ಅಕ್ಕ ಮಾತ್ರ ಊಟ ಬಿಟ್ಟಳು. ಆ ಪದ ಇಲ್ಲದಿದ್ದರೆ ಗಾಡಿ ಮೊದಲು ಬಂದ ಫೋನಿಗೇ ಹೋಗುತ್ತಿತ್ತು ಎಂಬುದು ಅವಳಿಗೆ ಗೊತ್ತಿತ್ತು, ನನಗೂ ಗೊತ್ತಾಯಿತು. ಹತ್ತು ದಿನ ಅವಳ ಮುಖ ನೋಡಲಾರದೆ ನಾನೇ ಹೇಳಿದೆ: ಆ ಮನೆಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿಬಿಡು, ಬೈಸಿಕೋ, ಎದೆ ಹಗುರಾಗುತ್ತೆ. ಆ ಬುದ್ಧಿ ಹೇಳುವ ಮುಂಚೆ ನನ್ನ ಬಾಯಿಗೆ ಬೀಗ ಹಾಕಿಕೊಳ್ಳಬೇಕಿತ್ತು.

ಇಬ್ಬರೂ ಹೋದೆವು. ಆಕೆ ಹೊಲಿಗೆ ಅಂಗಡಿಗಳಿಗೆ ಕಾಜ ಹಾಕಿ ಗುಂಡಿ ಹೊಲಿದುಕೊಡುವವರು. ಒಂದೇ ಕೋಣೆ, ಗೋಡೆ ಬದಿಗೆ ಮಂಚ, ಕಿಟಕಿಯ ಕೆಳಗೆ ಅಂಗಿಗಳ ರಾಶಿ. ಅಕ್ಕ ಎರಡು ಮಾತಾಡುವಷ್ಟರಲ್ಲೇ ಆಕೆ ದನಿ ಗುರುತು ಹಿಡಿದು ಅವಳ ಕೈ ಹಿಡಿದುಕೊಂಡರು.

“ಆವತ್ತು ಫೋನಲ್ಲಿ ಮಾತಾಡಿದ್ದು ನೀವೇ ಅಲ್ವಾ. ನೀವು ಅಷ್ಟು ಸಮಾಧಾನವಾಗಿ ಮಾತಾಡಿದ್ರಿ, ಗಾಡಿ ಬಂದೇ ಬರುತ್ತೆ ಅಂತ ಧೈರ್ಯ ಬಂತು. ಕೆಳಗಿನ ಮನೆಯವರು ಕಾರು ತೆಗೀತೀನಿ ಅಂದ್ರು. ನಾನೇ ಬೇಡ ಅಂದೆ.”

ನಾನು ಅಕ್ಕನ ಸೆರಗು ಜಗ್ಗಿದೆ, ಏಳು, ಹೋಗೋಣ ಎಂದು. ಅವಳು ಏಳಲಿಲ್ಲ. ಹೇಳಲೆಂದೇ ಬಂದವಳು, ಹೇಳಿಬಿಟ್ಟಳು. ನೀವು ಸಮಾಧಾನವಾಗಿದ್ದೀರಿ ಎಂದು ನಾನು ಬರೆದೆ, ಅದನ್ನು ಓದಿ ಗಾಡಿಯನ್ನು ಬೇರೆ ಕಡೆಗೆ ಕಳಿಸಿದರು, ತಪ್ಪು ನನ್ನದು ಎಂದಳು. ಬೈಯಿರಿ ಎಂದು ಕೈಮುಗಿದಳು.

ಆಕೆ ಬೈಯಲಿಲ್ಲ. ಮಂಚದ ಕಡೆಗೆ ನೋಡುತ್ತಾ ಹೇಳಿದರು.

“ಅವರ ಕೈ ನನ್ನ ಕೈಲಿತ್ತು. ನಾನು ಗಾಬರಿಯಾದ್ರೆ ಅವರು ಇನ್ನೂ ಹೆದರ್ತಾರೆ ಅಂತ ದನಿ ಬಿಗಿಹಿಡಿದು ಮಾತಾಡಿದೆ.” ಅಕ್ಕನ ಕಡೆಗೆ ತಿರುಗಿ ಕೇಳಿದರು: “ಹಾಗಾದ್ರೆ ನಾನು ಕಿರುಚಬೇಕಿತ್ತಾ?”

ಅಯ್ಯೋ, ನಿಮ್ಮದೇನೂ ತಪ್ಪಿಲ್ಲ, ಎಲ್ಲ ನನ್ನದೇ ಎಂದು ಅಕ್ಕ ಅವರ ಮೊಣಕಾಲು ಹಿಡಿದು ಅತ್ತಳು. ನಾನೂ ಏನೇನೋ ಹೇಳಿದೆ. ಯಾವ ಮಾತೂ ಅವರಿಗೆ ಮುಟ್ಟಲಿಲ್ಲ. ನಾವು ಬರುವ ತನಕ ಅದು ಅವರಿಗೆ ದೇವರು ಕೊಟ್ಟ ಸಾವಾಗಿತ್ತು, ಆ ನೆಮ್ಮದಿಯನ್ನೂ ಕಿತ್ತುಕೊಂಡಿದ್ದೆವು.

ಬಾಗಿಲ ತನಕ ನಮ್ಮನ್ನು ಕಳಿಸಲು ಬಂದವರು ಅಲ್ಲೇ ಚೌಕಟ್ಟು ಹಿಡಿದು ನಿಂತು, ನಮಗಲ್ಲ, ತಮಗೇ ಎಂಬಂತೆ ಹೇಳಿಕೊಂಡರು.

“ಕಿರುಚೋಕೆ ನನಗೂ ಬರ್ತಿತ್ತು.”