ಅಣ್ಣ ಕಚ್ಚಿ ನೋಡುತ್ತಿದ್ದ ಅಡಿಕೆ

ನಮ್ಮಣ್ಣನ ಹಲ್ಲಿಗೆ ಭೀಮಸಮುದ್ರದಲ್ಲಿ ಬೆಲೆ ಇತ್ತು. ಮಂಡಿಗೆ ಅಡಿಕೆ ಚೀಲ ಬಂದಿಳಿದರೆ ಕೈ ಹಾಕಿ ಒಂದು ಎತ್ತಿಕೊಂಡು, ಕಟಕ್ಕನೆ ಕಚ್ಚಿ, ಒಂದಿಷ್ಟು ಅಗಿದು, ಇದು ಹಳೆಯದು, ಇದು ಸರಿಯಾಗಿ ಬೆಂದಿಲ್ಲ ಎಂದು ಹೇಳಿಬಿಡುತ್ತಿದ್ದ. ಅವನು ಹೇಳಿದ ಮೇಲೆ ಯಾರೂ ತಕರಾರು ತೆಗೆಯುತ್ತಿರಲಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಅದೇ ಕೆಲಸ. ಎಲೆ, ಸುಣ್ಣ, ತಂಬಾಕು ಯಾವುದೂ ಇಲ್ಲ, ಬರೀ ಅಡಿಕೆ. ಅದೊಂದು ಚಟ ಅಂತ ಅವನಿಗೂ ಅನಿಸಿರಲಿಲ್ಲ, ನಮಗೂ ಅನಿಸಿರಲಿಲ್ಲ. ವ್ಯಾಪಾರ ಅಂದರೆ ಹಾಗೇ.

ನನ್ನ ಗಂಡ ತುರುವನೂರು ಕಡೆಯ ಕುರಿ ಸಾಕುವ ಮನೆಯವರು. ಆ ಮನೆಗೆ ನನ್ನನ್ನು ಕೊಡಲು ಅಪ್ಪ ಸುತರಾಂ ಒಪ್ಪಲಿಲ್ಲ. "ಹುಡ್ಗ ಡಾಕ್ಟ್ರು, ಗುಣವಂತ. ಇನ್ನೇನು ಬೇಕಪ್ಪ ನಿನಗೆ?" ಎಂದು ಅಪ್ಪನ ಜೊತೆ ಜಗಳ ಕಾದು ಮದುವೆ ಮಾಡಿಸಿದವನು ಅಣ್ಣನೇ.

ಆಗ ನಮ್ಮ ಕಡೆ ಕ್ಯಾನ್ಸರ್ ಡಾಕ್ಟರೆಂದು ಬೋರ್ಡು ಹಾಕಿಕೊಂಡವರು ಬೇರೆ ಯಾರೂ ಇರಲಿಲ್ಲ. ಚಿತ್ರದುರ್ಗದಲ್ಲಿ ಇವರು ಬೋರ್ಡು ಹಾಕಿದ್ದೇ ತಡ, ಜನ ಆ ಬೀದಿಯನ್ನೇ ಬಿಟ್ಟು ಸುತ್ತು ಹಾಕಿಕೊಂಡು ಹೋಗತೊಡಗಿದರು. ಬಂದವರೂ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು "ಹಲ್ಲು ನೋವು ಸಾರ್" ಅನ್ನುತ್ತಿದ್ದರು. ಅವರು ಬರದಿದ್ದರೆ ನಾನೇ ಹೋಗುತ್ತೇನೆ ಎಂದು ಇವರು ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಸಂತೆಗಳಿಗೆ ಬಸ್ಸು ಹತ್ತಿದರು. ಕೈಯಲ್ಲೊಂದು ಟಾರ್ಚು. "ಮೂರು ಬೆರಳು ಒಂದರ ಮೇಲೊಂದು ಇಟ್ಕಂಡು ಬಾಯೊಳಗೆ ತೂರಿಸ್ರಿ, ನೋಡಾಣ" ಅನ್ನುವುದು. ಬೆರಳು ಹೋಗದಿದ್ದರೆ ಒಳಗೆ ಚರ್ಮ ಬಿಗಿಯುತ್ತಿದೆ ಎಂದು ಅನುಮಾನ. ಮುಂದೆ ಕ್ಯಾನ್ಸರ್ ಆಗಬಹುದಾದ ಬಾಯಿ ಅದು. ಸಂತೆಯ ಜನ ಇವರಿಗೆ "ಬಾಯಿ ಡಾಕ್ಟ್ರು" ಅಂತ ಹೆಸರೇ ಇಟ್ಟರು.

ಬಾಯಿ ಕೆಡಿಸುವುದು ತಂಬಾಕು ಎಂದು ಎಲ್ಲರಿಗೂ ಗೊತ್ತಿತ್ತು. ಇವರ ನಿದ್ದೆ ಕೆಡಿಸಿದವರು ತಂಬಾಕನ್ನೇ ಮುಟ್ಟದವರು. ಬಿ.ದುರ್ಗದ ಕಡೆಯ ಒಬ್ಬ ಹೆಂಗಸು ಬರೀ ಅಡಿಕೆ ಜಗಿದು ಜಗಿದು ಬಾಯಿಗೆ ಚಮಚವೂ ಹೋಗದಂತಾಗಿದ್ದಳು. "ಕದ್ದು ತಂಬಾಕು ಹಾಕ್ತಾಳೆ ಬಿಡ್ರಿ" ಎಂದು ದೊಡ್ಡ ಊರಿನ ಹಿರಿಯ ಡಾಕ್ಟರುಗಳು ನಕ್ಕರಂತೆ. ಇವರು ಬಿಡಲಿಲ್ಲ. ಅಂಥವರನ್ನೇ ಹುಡುಕಿ, ಬಾಯಿಯ ಚೂರು ತೆಗೆದು, ಮನೆಯಲ್ಲೇ ಸೂಕ್ಷ್ಮದರ್ಶಕ ಇಟ್ಟುಕೊಂಡು ವರ್ಷಗಟ್ಟಲೆ ಕೂತರು. ನನ್ನ ಒಗ್ಗರಣೆಗಿಂತ ಅವರ ಸ್ಪಿರಿಟ್ಟಿನ ವಾಸನೆಯೇ ಮನೆಯಲ್ಲಿ ಜಾಸ್ತಿ. ಕಡೆಗೆ, ತಂಬಾಕು ಇಲ್ಲದಿದ್ದರೂ ಬಾಯಿ ಕೆಡಿಸಲು ಅಡಿಕೆಯೊಂದೇ ಸಾಕು ಎಂದು ಡಾಕ್ಟರುಗಳ ಪತ್ರಿಕೆಗೆ ಬರೆದರು. ಬೇರೆ ಕಡೆಯವರೂ ಅದನ್ನೇ ಹೇಳತೊಡಗಿದ ಮೇಲೆ ನಕ್ಕವರೇ ಕರೆಸಿ ಭಾಷಣ ಮಾಡಿಸಿದರು.

ಅಲ್ಲಿ ಹೇಳಿ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಭೀಮಸಮುದ್ರದಲ್ಲೇ ಹೇಳಬೇಕೇ ಈ ಮಹಾರಾಯರು? ಅಣ್ಣನೇ ಹೆಮ್ಮೆಯಿಂದ ಕರೆಸಿ, ಹಾರ ಹಾಕಿಸಿ, ಮೈಕು ಕೊಟ್ಟಿದ್ದ. ಇವರು ಮಾತು ಮುಗಿಸುವಷ್ಟರಲ್ಲಿ ಮುಂದಿನ ಸಾಲು ಖಾಲಿ. ಅಣ್ಣ ಕೆಂಡಾಮಂಡಲ. "ನಮ್ಮ ಅನ್ನಕ್ಕೆ ಮಣ್ಣು ಹಾಕಕ್ಕೆ ಇಲ್ಲಿಗಂಟ ಬಂದ್ರಾ? ಅಡಿಕೆ ಮಂಗಳದ್ದು ಡಾಕ್ಟ್ರೇ. ಅದಿಲ್ದೆ ನಿಮ್ಮ ಮದುವೇನೂ ಆಗ್ತಿರಲಿಲ್ಲ!" ಅವತ್ತಿನಿಂದ ಎರಡು ಮನೆಗಳ ನಡುವೆ ಮಾತು ನಿಂತಿತು. ಮನೆಗೆ ಬಂದು ನಾನೂ ಇವರ ಮೇಲೆ ಹರಿಹಾಯ್ದೆ. "ಹಂಗಾರೆ ಸುಳ್ಳು ಹೇಳಲೇನೆ?" ಅಂದರು, ಅಷ್ಟೆ.

ಎಷ್ಟೋ ಕಾಲದ ಮೇಲೆ ಅಣ್ಣನ ಮಗಳ ಮದುವೆಗೆ ಅತ್ತಿಗೆ ಬಂದು ಕರೆದಳು, ಹೋದೆವು. ಊಟಕ್ಕೆ ಕೂತ ಅಣ್ಣ ಸಾರು ಮುಟ್ಟಲಿಲ್ಲ. ಮೊಸರನ್ನವನ್ನು ಕಿವುಚಿ ಕಿವುಚಿ ಬೆರಳ ತುದಿಯಿಂದ ಒಳಗೆ ತಳ್ಳಿಕೊಳ್ಳುತ್ತಿದ್ದ. ಬೀಗರು ಲಾಡು ತಿನ್ನಿಸಲು ಬಂದರೆ ಮುಖ ತಿರುಗಿಸಿದ. ಅತ್ತಿಗೆಯನ್ನು ಕೇಳಿದರೆ, "ಖಾರ ಆಗಲ್ಲ ಅಂತಾರೆ ಕಣಮ್ಮ. ಉಷ್ಣ ಇರಬೇಕು" ಅಂದಳು. ಇವರಿಗೆ ಹೇಳಿದೆ. ಎಂಜಲು ಕೈಯಲ್ಲೇ ಎದ್ದು ಅಣ್ಣನ ಹತ್ತಿರ ಹೋದರು.

"ಭಾವ, ಮೂರು ಬೆರಳು ಇಟ್ಟು ತೋರಿಸ್ರಿ. ನಿಮ್ಮ ಕಾಲಿಗೆ ಬೀಳ್ತೀನಿ."

"ತಂಬಾಕು ಒಂದೆಸಳು ಮುಟ್ಟಿದೋನಲ್ಲ ನಾನು. ನನಗ್ಯಾಕ್ರೀ ಬರ್ತೈತೆ?" ಎಂದು ಅಣ್ಣ ಎದ್ದು ಹೋದ.

ಆಮೇಲೆ ಇವರು ವಾರ ವಾರವೂ ಭೀಮಸಮುದ್ರಕ್ಕೆ ಹೋಗುತ್ತಿದ್ದರು. ಮಂಡಿಯ ಬೆಂಚಿನ ಮೇಲೆ ಕೂರುವುದು, ಅಣ್ಣ ಮಾತಾಡದಿದ್ದರೆ ಎದ್ದು ಬರುವುದು. ಸಂತೆಯಲ್ಲಿ ಯಾರ್ಯಾರದೋ ಬಾಯಿ ನೋಡಿದ ಮನುಷ್ಯನಿಗೆ ಸ್ವಂತ ಭಾವನ ಬಾಯಿ ತೆರೆಸಲು ಆಗಲಿಲ್ಲ. ಕತ್ತಿನಲ್ಲಿ ಗಂಟು ಕಂಡ ಮೇಲೆ ಅಣ್ಣ ತಾನಾಗಿ ಬಂದ. ಒಂದು ಬೆರಳು ಹೋಗುವುದೂ ಕಷ್ಟವಾಗಿತ್ತು. ಇವರು ಒಂದು ಮಾತೂ ಆಡಿ ತೋರಿಸಲಿಲ್ಲ. "ಹೋಗಾಣ ನಡೀರಿ ಭಾವ" ಎಂದು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ ಆಪರೇಷನ್ ಮಾಡಿಸಿದರು, ರೇಡಿಯೇಷನ್ ಕರೆಂಟು ಕೊಡಿಸಿದರು. ದವಡೆ ಹೋಯಿತು, ಮಾತು ಹೋಯಿತು, ಆಮೇಲೆ ಅಣ್ಣನೂ ಹೋದ. ನನಗಾಗಿ ಅಪ್ಪನೆದುರು ನಿಂತು ಜಗಳವಾಡಿದ ಬಾಯಿ ಅದು.

ತಿಥಿಯ ದಿನ ಅಣ್ಣನ ಫೋಟೋದ ಮುಂದೆ ಎಡೆ ಇಟ್ಟರು. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಇಡುವುದು ನಮ್ಮಲ್ಲಿ ಪದ್ಧತಿ. ಹೋಳಿಗೆ ಬಂತು, ಎಷ್ಟೋ ವರ್ಷದಿಂದ ಅವನು ಬಾಯಿಗಿಡಲಾಗದಿದ್ದ ಮೆಣಸಿನಕಾಯಿ ಬೋಂಡಾ ಬಂತು. ಕೊನೆಗೆ ಅತ್ತಿಗೆ ಬೊಗಸೆ ತುಂಬ ಅಡಿಕೆ ಹಿಡಿದುಕೊಂಡು ಬಂದವಳು ನಿಂತುಬಿಟ್ಟಳು. ಮಂಡಿಯವರೆಲ್ಲ ನನ್ನ ಗಂಡನ ಮುಖ ನೋಡಿದರು. ಅತ್ತಿಗೆಯೂ ಅವರ ಕಡೆಗೇ ತಿರುಗಿ ಕೇಳಿದಳು:

"ಇಡ್ಲಾ, ಬ್ಯಾಡ್ವಾ? ನೀವೇ ಹೇಳ್ರಿ ಅಣ್ಣ."

ಅಡಿಕೆ ಉಗುಳ್ರಿ, ಉಗುಳ್ರಿ ಎಂದು ಊರೂರು ಸುತ್ತಿ ಗಂಟಲು ಹರಿದುಕೊಂಡ ಮನುಷ್ಯ. ಬಗ್ಗಿ ಫೋಟೋದ ಮುಂದಿನ ಎಲೆಯನ್ನು ಅತ್ತಿಗೆಯ ಕಡೆಗೆ ಸರಿಸಿದರು.

"ಇಡಮ್ಮ," ಅಂದರು. "ಇನ್ನೇನು ಮಾಡ್ತೈತೆ ಅದು ಅವರಿಗೆ."