ಚೂಡಾಮಣಿ ಆರಿಸಿಕೊಂಡ ಕುಲ

ಯಾರನ್ನೂ ಕೇಳಿ ಹುಟ್ಟಿಸುವುದಿಲ್ಲ. ಈ ಒಂದು ವಿಷಯದಲ್ಲಿ ದೇವರೂ ಸರ್ಕಾರಿ ಕಚೇರಿಯೂ ಒಂದೇ, ನಾವು ಅರ್ಜಿ ಹಾಕುವ ಮುಂಚೆಯೇ ಆರ್ಡರ್ ಹೊರಟುಹೋಗಿರುತ್ತದೆ. ಚೂಡಾಮಣಿಯನ್ನು ಮಾತ್ರ ಕೇಳಿದರು. ಅದೂ ಅವಳಿಗೆ ಇಪ್ಪತ್ತೆಂಟು ತುಂಬಿದ ಮೇಲೆ, ಎಂಬತ್ತಾರನೇ ಇಸವಿಯ ಒಂದು ಭಾನುವಾರ, ಜಯನಗರ ನಾಲ್ಕನೇ ಬ್ಲಾಕಿನ ಒಂದು ಮನೆಯ ನಡುಮನೆಯಲ್ಲಿ, ಒಗ್ಗರಣೆ ಅವಲಕ್ಕಿ ತಿನ್ನುತ್ತಾ ಕುಳಿತಿದ್ದಾಗ.

"ಯಾವ ಕುಲದಲ್ಲಿ ಹುಟ್ತೀರಾ ಚೂಡಾಮಣಿ? ನಿಮ್ಮಿಷ್ಟ," ಅಂದರು ಜಯದೇವಪ್ಪ.

ಅವಳ ಕೈ ತಟ್ಟೆಯ ಮೇಲೆಯೇ ನಿಂತಿತು.

ಜಯದೇವಪ್ಪನವರಿಗೆ ಅದರಲ್ಲಿ ಒಳಾರ್ಥವೇನೂ ಇರಲಿಲ್ಲ, ಪಾಪ. ಅವರು ಕೇಳಿದ್ದು ಆಟದ ಮಾತು. ಚೂಡಾಮಣಿ ಟೈಪಿಸ್ಟಾಗಿದ್ದ ಕಚೇರಿಯಲ್ಲೇ ಅವರು ಹೆಡ್ ಕ್ಲಾರ್ಕು. ಜಯನಗರ ಕಾಂಪ್ಲೆಕ್ಸಿನ ಹೊರಗೆ ಹಳೇ ಪುಸ್ತಕ ಹರಡಿಕೊಂಡು ಕೂರುವವನ ಹತ್ತಿರ ಅವರಿಗೆ ಮುಚ್ಚಳವಿಲ್ಲದ ಒಂದು ಡಬ್ಬ ಸಿಕ್ಕಿತ್ತು. ಹೊರದೇಶದ ಯಾವನೋ ವಿದ್ಯಾರ್ಥಿ ಊರಿಗೆ ಹೋಗುವಾಗ ಮಾರಿಹೋದದ್ದು. ಒಳಗೆ ಎರಡು ತೆಳು ಪುಸ್ತಕ, ಬಹಳ ಮುಖಗಳ ಒಂದು ದಾಳ. ಮಣೆ ಇಲ್ಲ, ಕಾಯಿ ಇಲ್ಲ. ಎಲ್ಲವೂ ಮಾತಿನಲ್ಲೇ ನಡೆಯುವ ಆಟ. ಒಬ್ಬರು ಕಥೆ ಕಟ್ಟುತ್ತಾ ಹೋಗಬೇಕು, ಉಳಿದವರು ಅದರೊಳಗೆ ಒಬ್ಬೊಬ್ಬ ಪಾತ್ರವಾಗಿ ಬದುಕಬೇಕು, ಅನುಮಾನ ಬಂದ ಕಡೆ ದಾಳ ಎಸೆಯಬೇಕು. ಪುಸ್ತಕದಲ್ಲಿ 'ರೇಸ್' ಅಂತಿದ್ದದ್ದನ್ನು ಜಯದೇವಪ್ಪ 'ಕುಲ' ಮಾಡಿಕೊಂಡಿದ್ದರು. ನೂರಾರು ವರ್ಷ ಬದುಕುವ, ಚೂಪು ಕಿವಿಯ ಚೆಲುವರು 'ಕಾಡಿನವರು'. ಗಡ್ಡ ಬಿಟ್ಟುಕೊಂಡು ಚಿನ್ನ ಅಗೆಯುವ ಕುಳ್ಳರು 'ಗುಡ್ಡದವರು'. ಇವೆರಡೂ ಬೇಡವೆಂದರೆ ಬರೀ ಮನುಷ್ಯರು.

ಅಕೌಂಟ್ಸ್ ವಿಭಾಗದ ಗುರುಶಾಂತಪ್ಪ ಕೂತಕೂತಲ್ಲೇ ಗುಡ್ಡದವನಾಗಿಬಿಟ್ಟ. "ಸಖತ್ ಗುರು, ಕೊಡಲಿ ಸಿಗುತ್ತಲ್ಲ," ಅಂದ. ಜಯದೇವಪ್ಪನವರ ಹೆಂಡತಿ ಶಾಂತಾದೇವಿ ಸ್ಕೂಲ್ ಟೀಚರು. ವಾರವೆಲ್ಲ ಮಕ್ಕಳ ಜೊತೆ ಕಿರುಚಿ ಸಾಕಾಗಿದೆ, ಮಾತಾಡದೆ ಗುಣ ಮಾಡುವ ಮಂತ್ರವಾದಿನಿ ಆಗ್ತೀನಿ ಅಂದರು.

"ಬರೋ ಭಾನುವಾರ ಎಲ್ಲರೂ ಹಿಂದಿನ ಕಥೆ ತರ್ಬೇಕು," ಅಂದರು ಜಯದೇವಪ್ಪ. "ಯಾರ ಮಗ, ಯಾವೂರು, ಏನು ಆಸೆ. ಬಾಯ್ಬಿಟ್ಟು ಹೇಳ್ಬೇಕು. ಹಿಂದಿನ ಕಥೆ ಇಲ್ದೆ ನಮ್ಮನೇಲಿ ಆಟ ಇಲ್ಲ."

ಚೂಡಾಮಣಿ ತಲೆಯಾಡಿಸಿದಳು. ಹೊಸ ಮನೆಗೆ ಹೋದರೆ ಮೊದಲು ಲೋಟ ನೋಡುವುದು ಅವಳ ಅಭ್ಯಾಸ. ಈ ಮನೆಯಲ್ಲಿ ಕಾಫಿ ಬಂದದ್ದು ನಾಲ್ಕು ಒಂದೇ ಥರದ ಲೋಟದಲ್ಲಿ, ಒಂದೇ ತಟ್ಟೆಯ ಮೇಲೆ. ಕುಡಿದಾದ ಮೇಲೆ ಅವಳು ತನ್ನ ಲೋಟ ತೊಳೆಯಲು ಎದ್ದಾಗ ಶಾಂತಾದೇವಿ ಸುಮ್ಮನೆ ಕೈಯಿಂದ ಕಿತ್ತುಕೊಂಡು ಒಳಗೆ ಹೋಗಿದ್ದರು. ಅವಳು ಯಾವ ಜನ ಅನ್ನುವುದು ಕಚೇರಿಗೆ ಗೊತ್ತಿತ್ತು. ಕಚೇರಿಗಳಿಗೆ ಅದು ಹೇಗೋ ಗೊತ್ತಾಗಿರುತ್ತದೆ. ಅವಳ ಮುಂದೆ ಯಾರೂ ಆಡುತ್ತಿರಲಿಲ್ಲ, ಅವಳೂ ಆಡಿದವಳಲ್ಲ. ಒಳ್ಳೆಯ ಸ್ನೇಹಗಳೂ ಎಷ್ಟೋ ಸಲ ಹೀಗೆ ಒಂದು ಮಾತನ್ನು ಸುತ್ತಿಬಳಸಿಕೊಂಡೇ ನಡೆಯುತ್ತವೆ.

ಆ ವಾರವೆಲ್ಲ ಅವಳು ಹುಟ್ಟಿದ್ದೇ ಹುಟ್ಟಿದ್ದು. ಬಸ್ಸಿನಲ್ಲಿ ನಿಂತು ಗುಡ್ಡದವರಲ್ಲಿ ಹುಟ್ಟಿದಳು, ಗಡ್ಡ ನೆನಪಾಗಿ ಅಲ್ಲಿಂದ ಎದ್ದುಬಂದಳು. ಟೈಪ್ ಮಾಡುತ್ತಾ ಮನುಷ್ಯಳಾಗಿ ನೋಡಿದಳು, ಅದು ಆಗಲೇ ಆಗಿಹೋದ ಕೆಲಸ ಅನ್ನಿಸಿತು. ಗುರುವಾರದ ಹೊತ್ತಿಗೆ ಕಾಡಿನವರ ರಾಜನ ಮಗಳಾದಳು. ಮೊಳಕಾಲಿನವರೆಗೆ ಕೂದಲು, ಬೆಳ್ಳಿಯ ಬಿಲ್ಲು, ಅರಮನೆಗೆ ಏಳು ಬಾಗಿಲು. ಕೊಡುವುದಕ್ಕೆ ನಿಂತ ಮೇಲೆ ಕಂಜೂಸಿ ಯಾಕೆ? ಎಲ್ಲ ಕೊಟ್ಟು ಮುಗಿಸಿ, ಇನ್ನೂ ಏನೋ ಬಾಕಿ ಇದೆಯಲ್ಲ ಅಂದುಕೊಳ್ಳುವಾಗ ಅವಳಿಗೆ ಊರ ಬಾವಿ ನೆನಪಾಯಿತು.

ಅವಳ ಊರು ಬೇಗೂರಿನ ದಾರಿಯಲ್ಲಿತ್ತು. ಈಗ ಅದಕ್ಕೆ ಹೆಸರಿಲ್ಲ, ಸ್ಟೇಜು ಮತ್ತು ಕ್ರಾಸಿನ ನಂಬರುಗಳಿವೆ. ಅವಳಪ್ಪ ಪಾಪಯ್ಯ ಅಲ್ಲಿಯ ನೀರುಗಂಟಿ. ಕೆರೆಯ ತೂಬು ತೆಗೆದು ಗದ್ದೆಗದ್ದೆಗೂ ನೀರು ಹಂಚುವ ಕೆಲಸ ತಲೆತಲಾಂತರದಿಂದ ಕೇರಿಯ ಆ ಒಂದು ಮನೆಯದು. ಎದೆಮಟ್ಟ ನೀರಿಗಿಳಿದು, ಮುಳುಗಿ, ತೂಬಿನ ಬಾಯಿ ತಡವಿ ತೆಗೆಯುತ್ತಿದ್ದ ಅಪ್ಪನನ್ನು ಅವಳು ಏರಿಯ ಮೇಲೆ ಕುಳಿತು ನೋಡಿದ್ದಳು. ಊರಿನ ಒಂದೊಂದು ಅನ್ನದ ಅಗುಳೂ ಆ ಕೈ ದಾಟಿಯೇ ಬರಬೇಕಿತ್ತು. ಅದೇ ಕೈ ಊರ ನಡುವಿನ ಸೇದುವ ಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ. ಇದಕ್ಕೆ ಅರ್ಥ ಹುಡುಕಲು ಹೋಗಬೇಡಿ, ಇಲ್ಲ.

ಅವ್ವ ಅಣ್ಣಮ್ಮ ಬಿಂದಿಗೆ ಹಿಡಿದು ಬಾವಿಯಿಂದ ಇಷ್ಟು ದೂರ ನಿಲ್ಲುತ್ತಿದ್ದಳು. "ಒಂಚೂರು ನೀರು ಹಾಕ್ರವ್ವಾ," ಅನ್ನುತ್ತಿದ್ದಳು. ಮನಸ್ಸು ಬಂದವರು ಮೇಲಿನಿಂದ ಹೊಯ್ಯುತ್ತಿದ್ದರು. ಬಾರದ ದಿನ ಬಿಸಿಲು ನೆತ್ತಿಗೇರುತ್ತಿತ್ತು. ಪುಟ್ಟ ಚೂಡಾಮಣಿ ಅವ್ವನ ಸೆರಗು ಹಿಡಿದು ರಾಟೆ ತಿರುಗುವುದನ್ನೇ ನೋಡುತ್ತಿದ್ದಳು. ಹಗ್ಗ ಸರಸರನೆ ಇಳಿಯುವುದು, ಒಳಗೆಲ್ಲೋ ಕೊಡ ನೀರಿಗೆ ಬಡಿದ ಸದ್ದು, ಆಮೇಲೆ ಹಗ್ಗ ಬಿಗಿಯಾಗಿ, ಭಾರವಾಗಿ ಮೇಲೆ ಬರುವುದು. ಒಂದು ಸಲ, ಒಂದೇ ಒಂದು ಸಲ ಆ ಹಗ್ಗ ಹಿಡಿಯಬೇಕು ಅಂತ ಅವಳಿಗೆ ಎಷ್ಟು ಆಸೆಯಾಗುತ್ತಿತ್ತು ಅಂದರೆ, ಕೇರಿಯ ಬೇಲಿಗೆ ದಾರ ಕಟ್ಟಿಕೊಂಡು ಅದೇ ಆಟ ಆಡುತ್ತಿದ್ದಳು. ಆಮೇಲೆ ಕೆರೆ ಬತ್ತಿಸಿ ಲೇಔಟ್ ಮಾಡಿದರು, ಅವ್ವ ತೀರಿಕೊಂಡಳು, ಅಪ್ಪ ಮಗಳು ಸುದ್ದಗುಂಟೆಪಾಳ್ಯಕ್ಕೆ ಬಂದರು. ಬಾವಿಗೆ ಮಣ್ಣು ತುಂಬಿಸಿ ಮೇಲೆ ಯಾರೋ ಮನೆ ಕಟ್ಟಿದ್ದಾರಂತೆ. ಈಗ ನಲ್ಲಿ ತಿರುಗಿಸಿದರೆ ನೀರು ಬರುತ್ತದೆ, ನಲ್ಲಿ ಯಾರ ಕುಲವನ್ನೂ ಕೇಳುವುದಿಲ್ಲ. ಆದರೆ ಆಸೆ ನೀರಿನದ್ದಾಗಿದ್ದರೆ ತಾನೇ ನಲ್ಲಿಯಿಂದ ತೀರುವುದು.

ಮರು ಭಾನುವಾರ ಅವಳು ರಾಜನ ಮಗಳ ಕಥೆ ಹೇಳಿದಳು. ಬಿಲ್ಲು, ಕೂದಲು, ಏಳು ಬಾಗಿಲು. ಎಲ್ಲರೂ ತಲೆದೂಗಿದರು.

"ದಿನಾ ಬೆಳಿಗ್ಗೆ ಎದ್ದು ಊರ ನಡುವಿನ ಬಾವಿಗೆ ಹೋಗ್ತಾಳೆ," ಅಂದಳು ಚೂಡಾಮಣಿ. ದನಿ ತಾನಾಗಿ ತಗ್ಗಿತ್ತು. "ತಾನೇ ಹಗ್ಗ ಬಿಟ್ಟು ನೀರು ಸೇದ್ತಾಳೆ. ಎಲ್ಲರ ಎದುರಿಗೆ. ಬಿಂದಿಗೆ ಸೊಂಟದ ಮೇಲೆ ಇಟ್ಕೊಂಡು ಬರ್ತಾಳೆ."

ಗುರುಶಾಂತಪ್ಪ ಹೋ ಎಂದು ನಕ್ಕ. "ಏನ್ ಮೇಡಂ, ಏಳು ಬಾಗಿಲಿನ ಅರಮನೆ ಕಟ್ಸಿ ನಲ್ಲಿ ಹಾಕ್ಸೋದು ಮರೆತ್ರಾ? ರಾಜನ ಮಗಳು ಯಾರಾದ್ರೂ ನೀರು ಹೊರ್ತಾಳಾ?"

ಜಯದೇವಪ್ಪನವರೂ ನಕ್ಕರು, ಮೆಲ್ಲಗೆ. "ಅದೊಂದು ತೆಗೆದುಬಿಡೋಣ ಚೂಡಾಮಣಿ. ನೀರಿಗೆ ಹತ್ತು ಜನ ಆಳು ಕೊಡ್ತೀನಿ."

"ಸರಿ ಸಾರ್," ಅಂದಳು.

ಅವರ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅದೇ ಅವಳಿಗೆ ಹೆಚ್ಚು ನೋವಾಗಿದ್ದು. ಕೆಟ್ಟ ನಗುವಾಗಿದ್ದರೆ ಎದ್ದುಹೋಗಬಹುದಿತ್ತು. ನೀರು ಸೇದುವುದು ಅವರ ಪಾಲಿಗೆ ಆಳಿನ ಕೆಲಸ, ತಪ್ಪಿಸಿಕೊಳ್ಳಬೇಕಾದ ಕಷ್ಟ. ರಾಜ್ಯದ ಐಸಿರಿಯನ್ನೆಲ್ಲ ಸುರಿದ ಮೇಲೆ ಕೊನೆಗೆ ಕೊಡುವ ಕಿರೀಟ ಅದು ಅಂತ ಅವರಿಗೆ ಹೇಗೆ ಹೊಳೆಯಬೇಕು? ಶಾಂತಾದೇವಿ ಮಾತ್ರ ನಗಲಿಲ್ಲ. ಚೂಡಾಮಣಿಯ ಮುಖವನ್ನು ಒಂದು ಸಲ ನೋಡಿ, ಮತ್ತೆ ತಟ್ಟೆ ನೋಡಿದರು. ಅವತ್ತು ರಾಜನ ಮಗಳು ಇಬ್ಬರು ಕಳ್ಳರನ್ನು ಹೊಡೆದಳು, ಒಂದು ಸೇತುವೆ ದಾಟಿದಳು. ಚೂಡಾಮಣಿಗೆ ಅದಾವುದೂ ಬೇಕಿರಲಿಲ್ಲ.

ಮನೆಗೆ ಬಂದಾಗ ಪಾಪಯ್ಯ ಬಾಗಿಲ ಬಳಿ ಬೀಡಿ ಹಚ್ಚಿಕೊಂಡು ಕೂತಿದ್ದರು. ಮಗಳು ಮುಖ ಊದಿಸಿಕೊಂಡಿದ್ದು ನೋಡಿ, "ಏನವ್ವಾ, ಆಟದಾಗೆ ಸೋತ್ಯಾ?" ಅಂದರು.

ಅವಳು ಪಕ್ಕದಲ್ಲಿ ಕೂತು ಎಲ್ಲ ಹೇಳಿದಳು. ಬೇಕಾದ ಕುಲ ಆರಿಸಿಕೊಳ್ಳುವ ಆಟ ಅಂದಾಗ ಮುದುಕರು ಬೀಡಿ ಕೆಳಗಿಟ್ಟರು. ಅಂಥದ್ದೊಂದು ಇದೆಯೇ ಅಂತ ಎರಡು ಸಲ ಕೇಳಿದರು. ಬಾವಿಯ ಮಾತು ಬಂದಾಗ ಮಾತ್ರ ಏನೂ ಕೇಳಲಿಲ್ಲ, ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

"ನೀರಿನ ರುಚಿ ನಂಗೂ ಗೊತ್ತು ಕಣವ್ವಾ," ಅಂದರು. "ಹೊಯ್ಯೋರು ಹೊಯ್ತಿದ್ರಲ್ಲ, ಕುಡ್ದಿದೀನಿ. ಆ ಹಗ್ಗ ಹೆಂಗಿತ್ತು ಅಂತ್ಲೇ ಗೊತ್ತಿಲ್ಲ. ನುಣ್ಣಗಿತ್ತೋ, ಒರಟಾಗಿತ್ತೋ."

"ಅದ್ನ ತೆಗೆದುಬಿಟ್ರಪ್ಪ ಅವ್ರು. ರಾಜನ ಮಗಳು ಸೇದಲ್ವಂತೆ."

"ಸರಿಯಾಗೇ ಅಂದವ್ರೆ." ಪಾಪಯ್ಯ ನಕ್ಕರು. "ಅಲ್ಲ, ಅವಳನ್ನ ರಾಜನ ಮಗಳು ಯಾಕೆ ಮಾಡ್ದೆ ನೀನು?"

"ಇಲ್ದೇ ಇದ್ರೆ ಹಗ್ಗ ಮುಟ್ಟೋಕೆ ಯಾರು ಬಿಡ್ತಾರೆ?"

"ರಾಜನ ಮಗಳು ಸೇದಿದ್ರೆ ಏನವ್ವಾ ದೊಡ್ಡದು?" ಅಂದರು ಪಾಪಯ್ಯ. "ಯಾವಾಗ ಬೇಕಾದ್ರೂ ಸೇದ್ತಾಳೆ. ನೀನು ಸೇದ್ದಂಗಾಯ್ತಾ?"

ಚೂಡಾಮಣಿ ಅನ್ನಕ್ಕಿಡಲು ಎದ್ದು ಒಳಗೆ ಹೋದಳು. ಅಕ್ಕಿ ತೊಳೆಯುತ್ತಾ ಅತ್ತಳು. ಅಪ್ಪನ ಮಾತು ನಿಜ, ಅದಕ್ಕೇ ಅಳು ಬಂತು. ಬೇಕಾದ ಕುಲ ಕೊಡುತ್ತೇವೆ ಅಂದಾಗ ಅವಳು ಮೊದಲು ಕೈಬಿಟ್ಟದ್ದು ಸೆರಗು ಹಿಡಿದು ನಿಂತಿದ್ದ ಆ ಹುಡುಗಿಯನ್ನೇ. ಆಸೆಪಟ್ಟವಳನ್ನು ಬಿಸಿಲಲ್ಲಿ ನಿಲ್ಲಿಸಿ, ಹಗ್ಗವನ್ನು ಇನ್ನೊಬ್ಬಳ ಕೈಗೆ ಕೊಟ್ಟಿದ್ದಳು. ಆ ಹುಡುಗಿಯನ್ನು ಕರೆದುಕೊಂಡು ಹೋಗಬೇಕಾದರೆ ಇಷ್ಟು ವರ್ಷ ಆಡದ ಮಾತನ್ನು ಆ ಮನೆಯಲ್ಲಿ ಆಡಬೇಕು. ಆಡಿದ ಮೇಲೆ ಆ ನಾಲ್ಕು ಲೋಟ ಹಾಗೇ ಇರುತ್ತವೆಯೋ ಇಲ್ಲವೋ ಯಾರಿಗೆ ಗೊತ್ತು? ಭಾನುವಾರದ ಆ ಮನೆ ಅವಳಿಗೆ ಬೇಕಾಗಿತ್ತು. ಬೆಂಗಳೂರಿನಲ್ಲಿ ಅವಳು ಹೋಗಿ ಕೂರಲು ಇದ್ದದ್ದು ಅದೊಂದೇ ಮನೆ.

ಮೂರನೇ ಭಾನುವಾರ ಕಾಫಿ ಬರುವ ಮೊದಲೇ, "ನನ್ನ ಕುಲ ಬದಲಾಯಿಸ್ಬೇಕು ಸಾರ್," ಅಂದಳು.

"ಓಹೋ. ಏನಾಗ್ತೀರಾ?"

"ಮನುಷ್ಯಳೇ. ನೀರುಗಂಟಿ ಮಗಳು." ನಿಲ್ಲಿಸಿದರೆ ಮತ್ತೆ ಆಗುವುದಿಲ್ಲವೆಂದು ಒಂದೇ ಸಮನೆ ಹೇಳಿದಳು. "ಕೇರಿಯವಳು. ಊರ ಗದ್ದೆಗೆಲ್ಲ ಅವಳಪ್ಪನೇ ಕೆರೆ ತೂಬು ತೆಗೀಬೇಕು. ಆದ್ರೆ ಅವ್ರು ಯಾರೂ ಊರ ಬಾವಿ ಹಗ್ಗ ಮುಟ್ಟೋ ಹಾಗಿಲ್ಲ. ಅವಳವ್ವ ಬಿಂದಿಗೆ ಹಿಡ್ಕೊಂಡು ದೂರ ನಿಂತು ಬೇಡ್ತಾಳೆ. ಇವಳಿಗೆ ಬಿಲ್ಲು ಬೇಡ. ಒಂದು ಸಲ ನೀರು ಸೇದ್ಬೇಕು, ಅಷ್ಟೇ ಆಸೆ. ನಮ್ಮೂರಲ್ಲಿ ನಡೆದದ್ದು ಇದು, ಸಾರ್. ನಮ್ಮಪ್ಪಂದು."

ಗುರುಶಾಂತಪ್ಪನ ಕಿವಿ ಕೆಂಪಾಯಿತು. ಕಳೆದ ವಾರದ ಅವನ ನಗು ಈಗ ಅವನಿಗೇ ಕೇಳಿಸುತ್ತಿತ್ತು. ಜಯದೇವಪ್ಪ ಪುಸ್ತಕದ ಹಾಳೆಗಳನ್ನು ಸುಮ್ಮನೆ ಅತ್ತಿತ್ತ ಮಗುಚಿದರು. ಶಾಂತಾದೇವಿ ಎದ್ದು ಒಳಗೆ ಹೋದರು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದಾಯಿತು, ಚೂಡಾಮಣಿ ಬಾಗಿಲನ್ನೇ ನೋಡುತ್ತಾ ಕೂತಳು. ಬಂದದ್ದು ಅದೇ ತಟ್ಟೆ, ಅದೇ ನಾಲ್ಕು ಲೋಟ. ಶಾಂತಾದೇವಿ ಮೊದಲ ಲೋಟ ಅವಳ ಕೈಗೆ ಕೊಟ್ಟು ಗಂಡನ ಕಡೆ ತಿರುಗಿದರು.

"ಯಾಕ್ರೀ ಸುಮ್ನೆ ಕೂತಿದ್ದೀರಾ? ಆಟ ಶುರು ಮಾಡಿ."

ಜಯದೇವಪ್ಪ ಪುಸ್ತಕ ಮುಚ್ಚಿಟ್ಟರು. "ಬೆಳಗಿನ ಹೊತ್ತು. ಊರ ನಡುವೆ ಬಾವಿ ಇದೆ. ಸುತ್ತ ಜನ ನಿಂತಿದ್ದಾರೆ. ಚೂಡಾಮಣಿ, ನೀವೇನ್ ಮಾಡ್ತೀರಾ?"

"ಅವ್ವನ ಕೈಯಿಂದ ಬಿಂದಿಗೆ ತಗೋತೀನಿ. ಬಾವಿ ಹತ್ರ ಹೋಗ್ತೀನಿ."

"ಜನ ನೋಡ್ತಿದ್ದಾರೆ."

"ನೋಡ್ಲಿ ಸಾರ್."

ಗುರುಶಾಂತಪ್ಪ ಏನಾದರೂ ಸಹಾಯ ಮಾಡಬೇಕೆಂದು ದಾಳವನ್ನು ಅವಳ ಮುಂದಕ್ಕೆ ತಳ್ಳಿದ. "ಹಾಕಿ ಮೇಡಂ. ದೊಡ್ಡ ನಂಬರೇ ಬೀಳುತ್ತೆ ನೋಡಿ."

ಚೂಡಾಮಣಿ ದಾಳವನ್ನು ನೋಡಿದಳು. ಎತ್ತಿ ಅವನ ಕೈಗೇ ವಾಪಸು ಕೊಟ್ಟಳು.

"ನೀರು ಸೇದೋಕೆ ದಾಳ ಯಾಕೆ ಸಾರ್?" ಅಂದಳು. "ಹಗ್ಗ ಬಿಡ್ತೀನಿ."

ಆಮೇಲೆ ಅವಳು ಕಣ್ಣು ಮುಚ್ಚಿಕೊಂಡು, ಯಾರೂ ಕೇಳದೆಯೇ, ಹೇಳುತ್ತಾ ಹೋದಳು. ಹಗ್ಗ ಇಳಿಯುವುದು, ಕೊಡ ನೀರಿಗೆ ಬಡಿಯುವುದು, ಮುಳುಗಿ ತುಂಬುವುದು, ಎಳೆಯುವಾಗ ತೋಳು ಬಿಗಿಯುವುದು. ಜಯದೇವಪ್ಪ ನಡುವೆ ಬಾಯಿ ಹಾಕಲಿಲ್ಲ. ಬಿಂದಿಗೆ ಕಟ್ಟೆಯ ಮೇಲೆ ಬಂದು ಕೂತಾಗ ಕಾಫಿ ಆರಿಹೋಗಿತ್ತು. ಆರಿದ್ದನ್ನೇ ನಾಲ್ವರೂ ಕುಡಿದರು.

ಸಂಜೆ ಸುದ್ದಗುಂಟೆಪಾಳ್ಯದಲ್ಲಿ ಬಸ್ಸಿಳಿದು ಬರುವಾಗ ಪಾಪಯ್ಯ ರಸ್ತೆಯ ತನಕ ಬಂದು ನಿಂತಿದ್ದರು. ಯಾವತ್ತೂ ಹಾಗೆ ಬಂದವರಲ್ಲ.

"ಬಾವಿ ತಾವ ಹೋದ್ಯಾ?" ಅಂದರು.

"ಹೋದೆ ಅಪ್ಪ."

"ಯಾರಾದ್ರೂ ಏನಾದ್ರೂ ಅಂದ್ರಾ?"

"ಇಲ್ಲಪ್ಪ. ಸೇದಿದೆ. ತುಂಬಿದ ಬಿಂದಿಗೆ ಅವ್ವನ ಸೊಂಟದ ಮೇಲೆ ಇಟ್ಟೆ."

ಪಾಪಯ್ಯ ತಲೆ ತಗ್ಗಿಸಿ ಸ್ವಲ್ಪ ದೂರ ನಡೆದರು. ಬೀದಿ ದೀಪದ ಕಂಬದ ಹತ್ತಿರ ನಿಂತರು.

"ಹಗ್ಗ ಹೆಂಗಿತ್ತವ್ವಾ?"

"ಒರಟಾಗಿತ್ತಪ್ಪ," ಅಂದಳು ಚೂಡಾಮಣಿ. "ಅಂಗೈ ಉರೀತು."

ಮುದುಕರು ಮಗಳ ಬಲಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು, ಬೆಳಕಿಗೆ ತಿರುಗಿಸಿ, ಅಂಗೈಯನ್ನು ಬಹಳ ಹೊತ್ತು ನೋಡಿದರು.